ಕೂತವರು ಒರೆಸಿ ಏಳಬೇಕು

ಅರ್ಜಿಯಕ್ಕನ ಕಿವಿಗೆ ಬಿದ್ದ ಮಾತು ಬಾವಿಗೆ ಬಿದ್ದ ಕಲ್ಲು, ಮತ್ತೆ ಮೇಲೆ ಬರುವುದಿಲ್ಲ ಎಂದು ಆ ಬೀದಿಯವರು ಇಪ್ಪತ್ತೆರಡು ವರ್ಷಗಳಿಂದ ನಂಬಿಕೊಂಡಿದ್ದರು. ನಂಬದೆ ಏನು ಮಾಡುತ್ತಾರೆ? ಕಾಗದದಲ್ಲಿ ಒಂದು ಸಾಲು ಆಚೀಚೆಯಾದರೆ ಕಚೇರಿಯ ಗುಮಾಸ್ತರು ಮುಖಕ್ಕೆ ಎಸೆಯುತ್ತಾರೆ. ಅರ್ಜಿಯಕ್ಕ ಟೈಪು ಮಾಡಿಕೊಟ್ಟದ್ದು ಹಾಗೆ ವಾಪಸ್ ಬಂದದ್ದನ್ನು ಯಾರೂ ಕಂಡಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಕಚೇರಿ. ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ದಮ್ಮಿನ ಮುದುಕನ ಹಾಗೆ ಕೆಮ್ಮುವ ಪ್ರಿಂಟರ್, ಎದುರಿಗೆ ಬಂದವರು ಕೂರಲು ಒಂದು ಹಸಿರು ಕುರ್ಚಿ. ಆ ಕುರ್ಚಿಯಲ್ಲಿ ಕೂತು ಅತ್ತವರಿದ್ದಾರೆ, ಅಣ್ಣತಮ್ಮಂದಿರಿಗೆ ಶಾಪ ಹಾಕಿದವರಿದ್ದಾರೆ, ಒಂಬತ್ತು ವರ್ಷ ಮಾತು ಬಿಟ್ಟ ಮಗಳಿಗೆ ಏನು ಬರೆಸಬೇಕೆಂದು ಗೊತ್ತಾಗದೆ ಅರ್ಧ ಗಂಟೆ ಕೂತು ಎದ್ದು ಹೋದವರಿದ್ದಾರೆ.

"ಬೆರಳಿಗೆ ಕಣ್ಣಿಲ್ಲ, ಕಿವಿಗೆ ನಾಲಿಗೆ ಇಲ್ಲ. ನೀವು ಹೇಳ್ತಾ ಹೋಗಿ, ನಾನು ಕುಟ್ತಾ ಹೋಗ್ತೀನಿ" ಎನ್ನುವುದು ಅವಳ ಮಾಮೂಲಿ ಮಾತು.

ಬರೆದ ಪ್ರತಿಯೊಂದಕ್ಕೂ ಕಂಪ್ಯೂಟರಿನಲ್ಲಿ ಒಂದು ಕಾಪಿ ಇಡುತ್ತಿದ್ದಳು. ಇಡದಿದ್ದರೆ ಆಗುವುದಿಲ್ಲ, ವರ್ಷ ತುಂಬುತ್ತಿದ್ದ ಹಾಗೆ ಜನ ಬಂದು "ಹೋದ ವರ್ಷದ್ದೇ ಅಕ್ಕ, ತಾರೀಕು ಮಾತ್ರ ಬದಲಾಯಿಸಿ" ಎಂದು ನಿಲ್ಲುತ್ತಾರೆ. ಆದರೆ ಫೈಲಿಗೆ ಯಾರ ಹೆಸರನ್ನೂ ಇಟ್ಟವಳಲ್ಲ. ಬಂದವರನ್ನು ನೋಡಿದ ಕೂಡಲೆ ಹೊಳೆದದ್ದೇ ಹೆಸರು: ಒಂದು ಫೈಲು "ಮುರಿದ ಕೊಡೆ", ಇನ್ನೊಂದು "ಮೂರು ಬೀಗ", ಮತ್ತೊಂದು "ಒಂಟಿ ಸೀನು". ಕಳ್ಳ ಬಂದು ಕಂಪ್ಯೂಟರ್ ಹೊತ್ತುಕೊಂಡು ಹೋದರೂ ತಲೆಬುಡ ತಿಳಿಯಬಾರದು, ಅಷ್ಟು ಹುಷಾರಿ. ಪ್ರಿಂಟರಿಗೊಂದು ಚಾಳಿಯಿತ್ತು. ಏನೇ ತೆಗೆದರೂ ಮೊದಲನೇ ಹಾಳೆಗೆ ಕರೀ ಗೆರೆ ಎಳೆದೇ ಕೊಡುವುದು. ಆ ಕೆಟ್ಟ ಹಾಳೆಗಳನ್ನು ಮೇಜಿನ ಕೆಳಗಿನ ಟ್ರೇಯಲ್ಲಿ ಬೋರಲು ಹಾಕಿಟ್ಟು, ಶನಿವಾರ ಸಂಜೆ ಒಟ್ಟಿಗೆ ನಾಲ್ಕು ನಾಲ್ಕು ಚೂರು ಮಾಡಿ ಎಸೆಯುತ್ತಿದ್ದಳು. ಕೆಲಸ ಅಂದರೆ ಅಚ್ಚುಕಟ್ಟು.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ಸೋಪು ತರಲೆಂದು ಬೀದಿಯ ಕೊನೆಯ ಕಿರಾಣಿ ಅಂಗಡಿಗೆ ಹೋದಳು. ಅಂಗಡಿಯವನಿಗೆ ಬೀದಿಯಲ್ಲಿ "ರೇಡಿಯೊ" ಎಂದೇ ಹೆಸರು. ಯಾಕೆಂದು ಬೇರೆ ಹೇಳಬೇಕಾಗಿಲ್ಲ. ಸೋಪನ್ನು ಕೈಗೆ ಕೊಡುತ್ತಾ ದನಿ ತಗ್ಗಿಸಿ ಕೇಳಿದ:

"ಅಕ್ಕಾ, ನರ್ಸಮ್ಮ ವರ್ಗ ಮಾಡಿಸ್ಕೊಂಡು ಊರು ಬಿಡ್ತಾರಂತಲ್ಲ, ಹೌದಾ?"

"ನನಗೇನಪ್ಪ ಗೊತ್ತು" ಎಂದು ಹೇಗೋ ಹೇಳಿ, ಸೋಪನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಾನೇ ಕದ್ದವಳ ಹಾಗೆ ಸರಸರ ಮನೆ ಕಡೆ ನಡೆದಳು.

ಅದು ಸಾಮಾನ್ಯ ಸುದ್ದಿಯಲ್ಲ. ಹೆರಿಗೆ ವಾರ್ಡಿನ ಆ ನರ್ಸಿನ ಗಂಡ ಟೈರ್ ಅಂಗಡಿಯವನು. ಮೂರು ವರ್ಷದ ಹಿಂದೆ ಅವಳಿಗೆ ಬೇರೆ ಊರಿಗೆ ವರ್ಗವಾದಾಗ ಆರ್ಡರನ್ನು ಕಣ್ಣೆದುರೇ ಹರಿದುಹಾಕಿ, ಹನ್ನೊಂದು ದಿನ ಅವಳನ್ನು ಕೋಣೆಯಲ್ಲಿಟ್ಟು ಚಿಲಕ ಹಾಕಿದ್ದ ಮಹಾನುಭಾವ. ಈ ಸಲ ಅವಳು ಸದ್ದಿಲ್ಲದೆ ಬಂದು, ಹಸಿರು ಕುರ್ಚಿಯ ಅಂಚಿನಲ್ಲಿ ಕೂತು, ಅರ್ಜಿ ಬರೆಸಿಕೊಂಡು ಹೋಗಿದ್ದಳು. ಫೈಲಿನ ಹೆಸರು "ಬಿಳಿ ಚಪ್ಪಲಿ". ಹೊಸ ಆರ್ಡರು ಆಗಲೇ ಕೈಗೆ ಬಂದಿತ್ತು. ಶನಿವಾರ ಗಂಡ ಸರಕು ತರಲು ಹೊರಗೆ ಹೋಗುತ್ತಾನೆ, ಅವತ್ತು ಬೆಳಿಗ್ಗೆ ಬಸ್ಸು ಹತ್ತುವುದೆಂದು ನಿಶ್ಚಯ ಮಾಡಿಕೊಂಡಿದ್ದಳು. ಅಷ್ಟರೊಳಗೆ ಈ ಮಾತು ರೇಡಿಯೊ ಅಂಗಡಿಯಿಂದ ಟೈರ್ ಅಂಗಡಿಗೆ ಹೋಯಿತೋ, ಅವಳ ಗತಿ ಮುಗಿದ ಹಾಗೆ. ಎರಡು ಅಂಗಡಿಗಳ ನಡುವೆ ಇರುವುದು ಒಂದು ಚರಂಡಿ.

ಹೇಳಿದವರು ಯಾರು? ನರ್ಸಂತೂ ಹೇಳಿರಲಾರಳು. ತಾನು ಹೇಳಿಲ್ಲ. ಉಳಿದದ್ದು ಕಂಪ್ಯೂಟರು. ಅದಕ್ಕೆ ಬಾಯಿಲ್ಲ, ಅದನ್ನು ತೆಗೆದು ನೋಡಿದವರಿಗೆ ಉಂಟು.

ಮನೆಯಲ್ಲಿ ಗಂಡ ಪಡಸಾಲೆಯ ಕುರ್ಚಿಯಲ್ಲಿ ಕೂತು, ಕುರ್ಚಿಯ ಕೈಮೇಲೆ ಕಾಗದ ಇಟ್ಟುಕೊಂಡು ಪೆನ್ಸಿಲಿನಲ್ಲಿ ಸಾಮಾನಿನ ಚೀಟಿ ಬರೆಯುತ್ತಿದ್ದರು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಬೆಂಕಿಕಡ್ಡಿಯನ್ನೂ ಎರಡಾಗಿ ಸೀಳಿ ಗೀರುವಷ್ಟು ಜಿಪುಣರು ಎಂದು ಹೆಂಡತಿ ಆಡಿಕೊಳ್ಳುವುದುಂಟು.

"ಸೋಪು ಒಂದೇ ತಂದ್ಯಾ? ಬೆಂಕಿಪೊಟ್ಟಣ ಬೇಡವಾ? ಅದಕ್ಕೇ ನಾನು ಬರೆದುಕೊಂಡು ಹೋಗು ಅನ್ನೋದು" ಎಂದರು.

ಅವಳು ನೆಟ್ಟಗೆ ಒಳಗೆ ಹೋಗಿ ಸೋಪನ್ನು ಇಟ್ಟಳು. ಇವರ ಮೇಲೆ ಅನುಮಾನಪಡುವ ಹಾಗೇ ಇರಲಿಲ್ಲ. ಕಂಪ್ಯೂಟರನ್ನು ಹಾಕುವ ಗುಂಡಿ ಎಲ್ಲಿದೆಯೆಂಬುದೂ ಅವರಿಗೆ ತಿಳಿಯದು. ಮಗನದು ಲಿಫ್ಟ್ ಕೂರಿಸುವ ಕೆಲಸ, ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ, ಈಗಲೂ ಹೊರಗೇ. ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬಳು ಎಂಟು ತಿಂಗಳ ಹಿಂದೆ ಮನೆಗೆ ಬಂದ ಸೊಸೆ.

ಅಯ್ಯೋ, ಅನುಮಾನ ಅನ್ನುವುದು ಎಂಥ ಕೆಟ್ಟ ಪ್ರಾಣಿ! ಒಂದು ಸಲ ಒಳಗೆ ಬಿಟ್ಟುಕೊಂಡರೆ ಮನೆಯ ಸಾಮಾನನ್ನೆಲ್ಲ ಮೂಸಿ ನೋಡುತ್ತದೆ. ನಿನ್ನೆಯವರೆಗೆ ಸೊಸೆಯ ಮಿತಮಾತು ಒಳ್ಳೆಯ ಗುಣವಾಗಿತ್ತು. ಇವತ್ತು ಅದು ಗುಮ್ಮನಗುಸಕತನವಾಯಿತು. ಅವಳು ಊರಿನ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ಬೆಳಿಗ್ಗೆ ಆರರಿಂದ ಎರಡರವರೆಗೆ. ಬರುತ್ತಾ ದಾರಿಯಲ್ಲಿ ರೇಡಿಯೊ ಅಂಗಡಿಯಲ್ಲಿ ನಿಲ್ಲುತ್ತಿದ್ದಳು. ಹಾಲಿಗೆಂದು ನಿಲ್ಲುವವಳು ಹತ್ತು ನಿಮಿಷ ಯಾಕೆ ನಿಲ್ಲಬೇಕು? ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಅರ್ಧ ಗಂಟೆ ಕೂರುತ್ತಿದ್ದಳು. ಅತ್ತೆ ಹಿಂದಿನಿಂದ ಹಾದುಹೋದರೆ ಬೆನ್ನು ನೆಟ್ಟಗಾಗುತ್ತಿತ್ತು. ಹೌದಲ್ಲ, ಯಾಕೆ ನೆಟ್ಟಗಾಗಬೇಕು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಅರ್ಜಿಯಕ್ಕನಿಗೆ ಅವತ್ತು ಮನೆಯ ಸುಣ್ಣದ ಗೋಡೆಯೂ ಹಳದಿಯಾಗಿಯೇ ಕಂಡಿತು.

ನರ್ಸಿಗೆ ಹೋಗಿ ಹೇಳಬೇಕು ಎಂದು ಮನಸ್ಸು ಹೇಳಿತು. ಹೇಳುವುದು ಏನೆಂದು? "ನನ್ನ ಮನೆಯಿಂದ ನಿನ್ನ ಮಾತು ಹೊರಗೆ ಹೋಗಿದೆ" ಎಂದೇ? ಇಪ್ಪತ್ತೆರಡು ವರ್ಷದ ಹೆಸರು! ಮೊದಲು ಕಳ್ಳಿಯನ್ನು ಹಿಡಿಯುತ್ತೇನೆ, ಆಮೇಲೆ ಹೇಳಿದರಾಯಿತು, ಶನಿವಾರಕ್ಕೆ ಇನ್ನೂ ನಾಲ್ಕು ದಿನ ಇದೆಯಲ್ಲ ಎಂದುಕೊಂಡಳು. ಅದು ಅವಳು ಮಾಡಿದ ತಪ್ಪು, ಸಣ್ಣದೇನಲ್ಲ.

ಬುಧವಾರ ಸೊಸೆ ಕೆಲಸಕ್ಕೆ ಹೋದ ಮೇಲೆ ಕಂಪ್ಯೂಟರ್ ಮುಂದೆ ಕೂತು ಬ್ರೌಸರಿನ ಹಿಸ್ಟರಿ ತೆರೆದಳು. ಸೊಸೆ ಏನೇನು ನೋಡುತ್ತಾಳೆ, ಯಾರಿಗೆ ಏನು ಬರೆಯುತ್ತಾಳೆ, ಎಲ್ಲ ಸಿಕ್ಕಿಬೀಳಲಿ ಎಂದು ಸೆರಗು ಬಿಗಿದೇ ಕೂತಿದ್ದಳು. ತೆರೆದರೆ ಬಟಾಬಯಲು. ನಿನ್ನೆಯದಿಲ್ಲ, ಮೊನ್ನೆಯದಿಲ್ಲ, ಎಂಟು ತಿಂಗಳಲ್ಲಿ ಒಂದು ಸಾಲಿಲ್ಲ. ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿಯೂ ಖಾಲಿ. ಕಸದ ಬುಟ್ಟಿಯೂ ಖಾಲಿ.

"ಆಹಾ, ಬೆಕ್ಕು ಹಾಲು ಕುಡಿದು ಮೀಸೆ ಒರೆಸಿಕೊಂಡಿದೆ" ಎಂದಳು ಗಟ್ಟಿಯಾಗಿಯೇ. ಏನೂ ಇಲ್ಲದವರು ಯಾಕೆ ಅಳಿಸುತ್ತಾರೆ? ಕದ್ದು ಓದಿ ಕೈತೊಳೆದುಕೊಳ್ಳುವ ಚಟವಲ್ಲದೆ ಇದು ಇನ್ನೇನು?

ಆದರೂ ಅವಳು ಕಾಗದಪತ್ರದಲ್ಲಿ ಪಳಗಿದ ಹೆಂಗಸು. ಸಾಕ್ಷಿಯಿಲ್ಲದ ಆರೋಪ ನಿಲ್ಲುವುದಿಲ್ಲ ಎಂದು ಎಷ್ಟು ಜನರಿಗೆ ತಾನೇ ಹೇಳಿಲ್ಲ? ಅದಕ್ಕೆ ಗಾಳ ಹಾಕಿದಳು. ಇಲ್ಲದ ಒಬ್ಬ ಮನುಷ್ಯನನ್ನು ಹುಟ್ಟಿಸಿ, ಅವನ ಪರವಾಗಿ ಪುರಸಭೆಗೆ ಒಂದು ಅರ್ಜಿ ಕುಟ್ಟಿದಳು: ಇದೇ ಬೀದಿಯ ಮೂಲೆಯಲ್ಲಿ ಒಂದು ದೊಡ್ಡ ಕಿರಾಣಿ ಅಂಗಡಿ ತೆರೆಯಲು ಪರವಾನಗಿ ಕೋರಿ. ಈ ಸುದ್ದಿ ಕೇಳಿದರೆ ರೇಡಿಯೊ ಬಾಯಿ ಮುಚ್ಚಿಕೊಂಡಿರಲಾರ, ತಾನಾಗಿಯೇ ಕೇಳುತ್ತಾನೆ. ಫೈಲಿಗೆ "ಹೊಸ ತಕ್ಕಡಿ" ಎಂದು ಹೆಸರಿಟ್ಟಳು. ಕೈ ತನ್ನ ರೂಢಿ ಬಿಡುತ್ತದೆಯೇ? ಟೈಪು ಮುಗಿದ ಕೂಡಲೆ ಪ್ರಿಂಟೂ ತೆಗೆಯಿತು. ಗೆರೆ ಬಿದ್ದ ಹಾಳೆ ಎಂದಿನಂತೆ ಟ್ರೇಗೆ, ಚೆನ್ನಾಗಿ ಬಂದದ್ದು ಮಡಿಸಿ ಬೀರುವಿಗೆ.

ಮಧ್ಯಾಹ್ನ ಸೊಸೆ ಬಂದಳು, ಉಂಡಳು, ಕಂಪ್ಯೂಟರಿನ ಮುಂದೆ ಅರ್ಧ ಗಂಟೆ ಕೂತಳು, ಎದ್ದಳು. ಅತ್ತೆ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಾ ನಿಂತು ಒಲೆಯ ಮೇಲಿನ ಹಾಲು ಉಕ್ಕಿಸಿದಳು.

ಗುರುವಾರ ಹನ್ನೊಂದು ಗಂಟೆಗೆ, ಬೇಕಿಲ್ಲದ ಉಪ್ಪಿನ ನೆಪ ಮಾಡಿಕೊಂಡು ಅಂಗಡಿಗೆ ಹೋದಳು. ರೇಡಿಯೊ ಉಪ್ಪು ಕೊಡುವುದನ್ನೂ ಮರೆತು ಮುಂದಕ್ಕೆ ಬಾಗಿದ.

"ಅಕ್ಕಾ, ಮೂಲೇಲಿ ಇನ್ನೊಂದು ಕಿರಾಣಿ ಅಂಗಡಿ ಬರುತ್ತಂತೆ? ದೊಡ್ಡದಂತೆ? ನನ್ನ ಹೊಟ್ಟೆ ಮೇಲೆ ಹೊಡೀತಿರೋ ಪುಣ್ಯಾತ್ಮ ಯಾರು, ಅದಾದ್ರೂ ಹೇಳಿ!"

ಮೀನು ಬಿತ್ತು. ಬಿದ್ದ ಖುಷಿಗಿಂತ ಸಂಕಟವೇ ಹೆಚ್ಚಾಯಿತು ಎಂದು ಹೇಳಬೇಕು. ಒಳಗೆಲ್ಲೋ, ಹಾಗಾಗದಿರಲಿ ಎಂದೇ ಅವಳು ಬಯಸಿದ್ದಳು. ಮದುವೆಯಾಗಿ ಬಂದ ಮೊದಲ ದಿನ ಸೊಸೆ ತಂದುಕೊಟ್ಟಿದ್ದ ಕನ್ನಡಕದ ಡಬ್ಬಿ ಇನ್ನೂ ಮೇಜಿನ ಮೇಲಿತ್ತು. ಈಗ ಅದನ್ನು ನೆನೆದರೆ ಅದರೊಳಗೂ ಏನೋ ಹುಳುಕು ಇದ್ದ ಹಾಗೆ ಅನ್ನಿಸಿತು.

ಮನೆಗೆ ಬಂದವಳೇ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದಳು. ಪಕ್ಕದ ಬೀದಿಯವನೇ, ಹತ್ತು ನಿಮಿಷದಲ್ಲಿ ಬಂದ.

"ಎಲ್ಲಾ ಡಿಲೀಟ್ ಮಾಡಿಬಿಡಲಾ? ಅದು ನನಗೂ ಬರುತ್ತೆ. ಆದರೆ ಆಮೇಲೆ ಯಾರೂ ತೆಗೆಯೋ ಹಾಗಿರಬಾರದು" ಎಂದಳು.

"ಡಿಲೀಟ್ ಮಾಡಿದ್ರೆ ಹೋಗಲ್ಲ ಅಕ್ಕ. ಮನೆ ಬಾಗಿಲಿನ ಹೆಸರಿನ ಹಲಗೆ ಕಿತ್ತ ಹಾಗೆ ಅಷ್ಟೆ, ಒಳಗಿರೋರು ಒಳಗೇ ಇರ್ತಾರೆ. ಗೊತ್ತಿರೋನು ಬಂದು ಬಾಗಿಲು ತಟ್ಟಿದ್ರೆ ಎದ್ದು ಬರ್ತಾರೆ. ಅದರ ಮೇಲೆ ಬೇರೆ ಏನಾದ್ರೂ ಗೀಚಿ ಗೀಚಿ ತುಂಬಿಸ್ಬೇಕು, ಆಗ ಹಳೇದು ಸಾಯುತ್ತೆ."

"ಗೀಚು."

"ಇಪ್ಪತ್ತೆರಡು ವರ್ಷದ್ದು ಅಕ್ಕ... ಬೇರೆ ಎಲ್ಲಾದ್ರೂ ಕಾಪಿ ಇಟ್ಟಿದ್ದೀರಾ? ಒಂದು ಸಲ ಹೋದ್ರೆ ನಾನೂ ತರಕ್ಕಾಗಲ್ಲ, ನಮ್ಮಪ್ಪನೂ ತರಕ್ಕಾಗಲ್ಲ."

"ಯಾವುದೂ ಬೇಡ. ಗೀಚು ಅಂದೆನಲ್ಲ."

ಅವನು ಪೆನ್‌ಡ್ರೈವ್ ಸಿಕ್ಕಿಸಿ ಏನೋ ಒತ್ತಿದ. ಅವಳ ಕಾಗದಗಳಿದ್ದ ಜಾಗದ ಮೇಲೆ ಯಂತ್ರ ತನ್ನ ಪಾಡಿಗೆ ಗೀಚತೊಡಗಿತು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಇಷ್ಟಿಷ್ಟೇ ಬೆಳೆಯಿತು: ನೂರರಲ್ಲಿ ಮೂರು ಭಾಗ, ಹನ್ನೆರಡು ಭಾಗ, ನಲವತ್ತು ಭಾಗ. ಮುರಿದ ಕೊಡೆ ಹೋಯಿತು, ಮೂರು ಬೀಗ ಹೋಯಿತು, ಬಿಳಿ ಚಪ್ಪಲಿ ಹೋಯಿತು. ಅರ್ಜಿಯಕ್ಕ ಅಲ್ಲಾಡದೆ ಕೂತು ನೋಡಿದಳು. ಪಟ್ಟಿ ತುಂಬಿದಾಗ ರಿಪೇರಿಯವನು ಪಾಸ್‌ವರ್ಡನ್ನೂ ಬದಲಾಯಿಸಿ ಕೊಟ್ಟು ಹೋದ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಕಥೆ ಕೇಳಿದ್ದೇವೆ. ಇಲ್ಲಿ ನೆಗಡಿ ಯಾರಿಗೆ ಬಂದಿದೆಯೆಂದು ನೋಡುವ ಮೊದಲೇ ಮೂಗು ಹೋಗಿತ್ತು.

ಎರಡೂಕಾಲು ಗಂಟೆಗೆ ಸೊಸೆ ಬಂದು ಚಪ್ಪಲಿ ಬಿಟ್ಟಳು.

"ಬಂದ್ಯಾ? ರೇಡಿಯೊ ಅಂಗಡಿಗೆ ಹೋಗಿ ಬಂದ್ಯೋ, ಇನ್ನು ಹೋಗಬೇಕೋ?"

"ಯಾಕತ್ತೆ, ಏನಾದ್ರೂ ತರಬೇಕಿತ್ತಾ?"

"ಅಲ್ಲಿಂದ ತರೋದಲ್ಲಮ್ಮ. ಇಲ್ಲಿಂದ ಅಲ್ಲಿಗೆ ಏನೇನು ಹೊತ್ತುಕೊಂಡು ಹೋಗ್ತೀಯಲ್ಲ, ಅದನ್ನ ಕೇಳ್ತಾ ಇದ್ದೀನಿ."

ಸೊಸೆ ಮುಖ ನೋಡಿದಳು. ಪಡಸಾಲೆಯಲ್ಲಿ ಮಾವ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ತಲೆಯೆತ್ತಿದರು. ಅರ್ಜಿಯಕ್ಕ ಎರಡು ದಿನದಿಂದ ಅದುಮಿಟ್ಟುಕೊಂಡಿದ್ದದ್ದು ಒಡೆಯಿತು.

"ನರ್ಸಮ್ಮ ವರ್ಗಕ್ಕೆ ಬರೆಸಿಕೊಂಡಿದ್ದು, ಗಂಡನಿಗೆ ಗೊತ್ತಿಲ್ಲದ ಹಾಗೆ ಶನಿವಾರ ಬಸ್ಸು ಹತ್ತಬೇಕು ಅಂತಿರೋದು, ಇದನ್ನೆಲ್ಲ ಆ ರೇಡಿಯೊ ಕಿವೀಲಿ ಊದಿದವಳು ನೀನಲ್ಲದೆ ಇನ್ಯಾರು? ಹೆಣ್ಣೊಬ್ಬಳ ಪ್ರಾಣದ ವಿಷಯ ಕಣೆ! ನಿನಗೆ ಹತ್ತು ನಿಮಿಷದ ಹರಟೆಗೆ ಅದೇ ಬೇಕಿತ್ತಾ?"

ಸೊಸೆ ಗೋಡೆಗೆ ಕೈ ಆನಿಸಿ ನಿಂತಳು.

"ಅತ್ತೆ, ನರ್ಸಮ್ಮ ಊರು ಬಿಡ್ತಿರೋದು ನನಗೆ ಗೊತ್ತಾಗಿದ್ದು ಈಗ. ಶನಿವಾರ ಅನ್ನೋದೂ ಈಗಲೇ ಗೊತ್ತಾಗಿದ್ದು. ನಿಮ್ಮ ಬಾಯಿಂದ."

ಗುಟ್ಟನ್ನು ತಾನೇ ಹೊರಗೆ ಹಾಕಿದ್ದು ಅರ್ಜಿಯಕ್ಕನಿಗೆ ಹೊಳೆಯಿತು. ಆದರೆ ಸಿಟ್ಟಿಗೆ ಹಿಂದಕ್ಕೆ ಹೋಗುವ ಗೇರ್ ಇರುವುದಿಲ್ಲ.

"ಹಾಗಾದ್ರೆ ಕೂತೆದ್ದ ಗುರುತನ್ನೆಲ್ಲ ಯಾಕೆ ಅಳಿಸ್ತೀಯ? ಎಂಟು ತಿಂಗಳಲ್ಲಿ ಒಂದು ಸಾಲೂ ಇಲ್ಲವಲ್ಲ ಅದರೊಳಗೆ!"

"ನೀವು ತೆಗೆದು ನೋಡಿದ್ರಾ?"

ಅತ್ತೆ ಕೀಬೋರ್ಡನ್ನು ಒಳಕ್ಕೆ ತಳ್ಳಿದಳು.

"ನೀವೇ ಹೇಳಿದ್ದು ಅತ್ತೆ. ಬಂದ ಮೊದಲನೇ ವಾರ, ಪಾಸ್‌ವರ್ಡ್ ಕೊಡುವಾಗ. 'ಈ ಯಂತ್ರದ ಮುಂದೆ ಕೂತವರು ಒರೆಸಿ ಏಳಬೇಕು. ನಿಂದು ನಾನು ನೋಡಬಾರದು, ನಂದು ನೀನು ನೋಡಬಾರದು' ಅಂದ್ರಿ. ಹೇಗೆ ಅಳಿಸೋದು ಅಂತ ಪಕ್ಕದಲ್ಲಿ ಕೂತು ತೋರಿಸಿಕೊಟ್ರಿ. ಅವತ್ತು ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ನಮ್ಮಮ್ಮಂಗೆ ಫೋನ್ ಮಾಡಿ ಹೇಳಿದ್ದೆ, ನಮ್ಮತ್ತೆ ಬೇರೆಯವರ ಹಾಗಲ್ಲ ಅಂತ."

ಹೇಳಿದ್ದು ಹೌದು. ಇದೇ ಮೇಜಿನ ಮುಂದೆ ಕೂತು, ದೊಡ್ಡತನದಿಂದ ಹೇಳಿದ್ದು ಈಗ ಅರ್ಜಿಯಕ್ಕನಿಗೆ ನೆನಪಾಯಿತು. ನೆನಪಾಗುವಷ್ಟರಲ್ಲಿ ಸೊಸೆ ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಹೊರಟುಹೋಗಿದ್ದಳು. ಊಟವನ್ನೂ ಮಾಡಿರಲಿಲ್ಲ.

"ಹೆಗಲು ಮುಟ್ಟಿ ನೋಡಿಕೊಂಡಳು, ಕುಂಬಳಕಾಯಿ ಕಳ್ಳಿ" ಎಂದು ಅರ್ಜಿಯಕ್ಕ ಗಂಡನ ಕಡೆ ತಿರುಗಿ ಹೇಳಿದಳು. ಆದರೆ ಅವಳ ದನಿಯಲ್ಲಿ ಅವಳಿಗೇ ನಂಬಿಕೆ ಇರಲಿಲ್ಲ.

"ಪಾಪ, ಆ ಹುಡುಗಿ ಅಂಥದ್ದಲ್ಲ ಕಣೆ" ಎಂದು ಗಂಡ ಮೆಲ್ಲಗೆ ಅಂದರು. ಮತ್ತೆ ಚೀಟಿ ಬರೆಯಲು ಅವರಿಗೂ ಮನಸ್ಸು ಬರಲಿಲ್ಲ.

ಮೂರೂವರೆಗೆ ಸೊಸೆ ವಾಪಸ್ ಬಂದಳು. ಕೈಯಲ್ಲಿ ಒಂದು ತಂತಿ, ತಂತಿಗೆ ಪೋಣಿಸಿದ ಕಾಗದದ ಕಂತೆ. ಅಂಗಡಿಯವರು ಗಿರಾಕಿಗಳ ಚೀಟಿಗಳನ್ನು ಚುಚ್ಚಿ ನೇತುಹಾಕುತ್ತಾರಲ್ಲ, ಅದೇ. ಅದನ್ನು ಮೇಜಿನ ಮೇಲೆ ಇಟ್ಟಳು.

ಮೇಲಿನ ಹಾಳೆಯಲ್ಲಿ ಗಂಡನ ಓರೆ ಅಕ್ಷರ: ಸಕ್ಕರೆ, ಬೆಂಕಿಪೊಟ್ಟಣ, ಈರುಳ್ಳಿ, ಬಟ್ಟೆ ಸೋಪು, ದೊಡ್ಡದು. ಅರ್ಜಿಯಕ್ಕ ಅದನ್ನು ತಿರುಗಿಸಿದಳು. ಹಿಂಬದಿಯಲ್ಲಿ ಕರೀ ಗೆರೆ ಬಿದ್ದ ಅಚ್ಚು: "ಇದೇ ಬೀದಿಯ ಮೂಲೆಯಲ್ಲಿ ಕಿರಾಣಿ ಅಂಗಡಿ ತೆರೆಯಲು ಪರವಾನಗಿ ಕೋರಿ." ಎರಡನೆಯದನ್ನು ತಿರುಗಿಸಿದಳು. ಯಾರದೋ ಜಮೀನಿನ ತಕರಾರು. ಮೂರನೆಯದು, ನಾಲ್ಕನೆಯದು. ಐದನೆಯದರ ಮುಂದೆ "ಅಕ್ಕಿ, ಬೇಳೆ, ಉಪ್ಪು", ಹಿಂದೆ "ಹೆರಿಗೆ ವಾರ್ಡಿನ ಹಿರಿಯ ನರ್ಸ್ ಆದ ನಾನು ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ." ಫೈಲಿಗೆ ಬಿಳಿ ಚಪ್ಪಲಿ ಎಂದು ಹೆಸರಿಟ್ಟರೇನು ಬಂತು? ಹಾಳೆಯಲ್ಲಿ ಹೆಸರು, ಹುದ್ದೆ, ಊರು ಎಲ್ಲ ಇದ್ದ ಹಾಗೇ ಇತ್ತು.

ಗಂಡ ಎದ್ದು ಬಂದು ಇಣುಕಿದರು. ಮುಖ ಬಿಳಿಚಿಕೊಂಡಿತು.

"ಟ್ರೇನಲ್ಲಿ ಬಿದ್ದಿತ್ತಲ್ಲೇ... ಒಂದು ಬದಿ ಖಾಲಿ ಇತ್ತು. ಶನಿವಾರ ಹೇಗೂ ಹರಿದು ಎಸೀತೀಯಲ್ಲ ಅಂತ ಅದರಲ್ಲೇ ಚೀಟಿ ಬರೆದು ಅಂಗಡಿಗೆ ಕೊಡ್ತಿದ್ದೆ... ಈ ಕಡೆ ಏನಿದೆ ಅಂತ ನಾನು ನೋಡಿದವನೇ ಅಲ್ಲ, ನಿನ್ನಾಣೆಗೂ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಕೂಸು ಅವಳ ಕಾಲ ಬುಡದಲ್ಲೇ, ಮೇಜಿನ ಕೆಳಗೇ ಇತ್ತು. ಗೀಚಿ ಅಳಿಸಿದ್ದು ಮಾತ್ರ ಮೇಜಿನ ಮೇಲಿದ್ದದ್ದನ್ನು.

"ನಿನಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು.

"ರೇಡಿಯೊನ ಕೇಳಿದೆ. ಯಾರು ಹೇಳಿದ್ರು ಅಂತ. ಅವನು ಚೀಟಿ ತಿರುಗಿಸಿ ತೋರಿಸಿದ. ಅವನೇನೂ ಮುಚ್ಚಿಡಲಿಲ್ಲ ಅತ್ತೆ. ನೀವು ಒಂದು ಸಲನಾದ್ರೂ ಕೇಳಿದ್ರಾ ಅವನನ್ನ?"

ಕೇಳಿರಲಿಲ್ಲ. ಕೇಳಿದರೆ ತನಗೆ ಗೊತ್ತಿದೆಯೆಂದು ಅವನಿಗೆ ಗೊತ್ತಾಗುತ್ತದೆಂದು ಕೇಳಿರಲಿಲ್ಲ. ಎರಡು ದಿನದ ಪತ್ತೇದಾರಿಯಲ್ಲಿ ಆ ಒಂದು ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ ಎಂದರೂ ಸರಿಯೇ.

"ಬರ್ತಾ ನರ್ಸಮ್ಮನ ಮನೆಗೆ ಹೋಗಿ ಹೇಳಿ ಬಂದೆ" ಎಂದಳು ಸೊಸೆ. "ಮಂಗಳವಾರದಿಂದ ಮಾತು ಹೊರಗಿದೆ, ಶನಿವಾರದ ತನಕ ಕಾಯಬೇಡಿ ಅಂದೆ. ನಾಲ್ಕು ಗಂಟೆ ಬಸ್ಸಿಗೆ ಹೊರಟಿದ್ದಾರೆ."

ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹದಿನೈದು ನಿಮಿಷ ಇತ್ತು. ಅರ್ಜಿಯಕ್ಕ ಕಿಟಕಿಗೆ ಹೋದಳು. ಬೀದಿಯ ಆಚೆ ಬದಿಯಲ್ಲಿ ನರ್ಸು ನಡೆದುಹೋಗುತ್ತಿದ್ದಳು. ಡ್ಯೂಟಿಗೆ ಹೊರಟವಳ ಹಾಗೆ ಬಿಳಿ ಸಮವಸ್ತ್ರ, ಬಿಳಿ ಚಪ್ಪಲಿ, ಹೆಗಲಿಗೆ ಒಂದೇ ಒಂದು ಚೀಲ. ಟೈರ್ ಅಂಗಡಿಯ ಮುಂದೆ ಅವಳ ಹೆಜ್ಜೆ ಬೇಗವೂ ಆಗಲಿಲ್ಲ, ನಿಧಾನವೂ ಆಗಲಿಲ್ಲ. ಗಂಡ ಒಳಗೆ ಚಕ್ರವೊಂದರ ಮೇಲೆ ಬಾಗಿದ್ದ. ಅವಳು ಮೂಲೆ ತಿರುಗುವವರೆಗೂ ಅರ್ಜಿಯಕ್ಕ ಕಿಟಕಿ ಬಿಟ್ಟು ಕದಲಲಿಲ್ಲ. ಈ ಮನೆಯ ಕಡೆ ನರ್ಸು ಒಂದು ಸಲವೂ ತಿರುಗಿ ನೋಡಲಿಲ್ಲ.

ಶುಕ್ರವಾರ ಟೈರ್ ಅಂಗಡಿಯವನು ಬೀದಿಯ ನಡುವೆ ನಿಂತು ಸಾಕಾಗುವಷ್ಟು ಕೂಗಾಡಿದ. ರೇಡಿಯೊ ಅಂಗಡಿಯ ಅರ್ಧ ಬಾಗಿಲೆಳೆದುಕೊಂಡು, ಜೀವಮಾನದಲ್ಲಿ ಮೊದಲ ಸಲ "ನನಗೇನೂ ಗೊತ್ತಿಲ್ಲ" ಅಂದ. ನರ್ಸು ತಲುಪಿದೆನೆಂದು ಫೋನು ಮಾಡಿದ್ದು ಸೊಸೆಗೆ. ಅರ್ಜಿಯಕ್ಕನಿಗಲ್ಲ. ಅದೇ ದಿನ ಶಾಲೆಯ ಮುದಿ ಕಾವಲುಗಾರ ಬಂದು ಹಸಿರು ಕುರ್ಚಿಯಲ್ಲಿ ಕೂತು, "ಹೋದ ವರ್ಷದ್ದೇ ತಾಯಿ, ತಾರೀಕು ಮಾತ್ರ ಬದಲಾಯಿಸಿ" ಅಂದ. ಅವಳು ಮೊದಲಿನಿಂದ ಕೇಳಿ ಕೇಳಿ ಬರೆದುಕೊಟ್ಟಳು. ಸತ್ತ ಹೆಂಡತಿಯ ಹೆಸರು, ಸತ್ತ ತಾರೀಕು, ಎಲ್ಲವನ್ನೂ ಅವನಿಂದ ಇನ್ನೊಮ್ಮೆ ಹೇಳಿಸಬೇಕಾಯಿತು. ಗಂಡ ತಾವಾಗಿಯೇ ಒಂದು ನೋಟ್‌ಬುಕ್ ಕೊಂಡು ತಂದು, ಕಾಣುವ ಹಾಗೆ ಪಡಸಾಲೆಯ ಕುರ್ಚಿಯ ಮೇಲಿಟ್ಟರು.

ಸೊಸೆಯ ಹತ್ತಿರ ಅರ್ಜಿಯಕ್ಕ ಕ್ಷಮೆ ಕೇಳಿದಳು. ಸುತ್ತುಬಳಸಿ ಅಲ್ಲ, ನೆಟ್ಟಗೆ ಕೇಳಿದಳು. "ತಪ್ಪಾಯ್ತಮ್ಮ. ನಾನು ಹಾಗೆ ಅನ್ನಬಾರದಿತ್ತು, ನಿಂದು ತೆಗೆದು ನೋಡಲೂಬಾರದಿತ್ತು." ಸೊಸೆ "ಇರಲಿ ಅತ್ತೆ" ಅಂದಳು. ತಟ್ಟೆ ತೊಳೆದಿಟ್ಟಳು. ಹಾಲು ತಂದಳು. ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಮಾತ್ರ ಕೂರಲಿಲ್ಲ. ಹೊಸ ಪಾಸ್‌ವರ್ಡನ್ನು ಅತ್ತೆ ಚೀಟಿಯಲ್ಲಿ ಬರೆದು ಅವಳ ಕೈಲಿಟ್ಟರೂ ಕೂರಲಿಲ್ಲ.

ಶನಿವಾರ ಸಂಜೆ, ಟ್ರೇಯಲ್ಲಿದ್ದ ಹಾಳೆಗಳನ್ನು ಅರ್ಜಿಯಕ್ಕ ಹರಿದು ಮುಗಿಸುತ್ತಿದ್ದಳು. ಸೊಸೆ ಬಂದು ಹಸಿರು ಕುರ್ಚಿಯಲ್ಲಿ ಕೂತಳು. ಮನೆಯವರು ಯಾರೂ ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ.

"ಒಂದು ಅರ್ಜಿ ಬರೆಸಬೇಕಿತ್ತು."

ಅರ್ಜಿಯಕ್ಕ ಕೈಯಲ್ಲಿದ್ದ ಚೂರುಗಳನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಕೀಬೋರ್ಡ್ ಮುಂದಕ್ಕೆ ಎಳೆದುಕೊಂಡಳು.

"ಹೇಳಮ್ಮ. ಯಾರಿಗೆ?"

"ನಮ್ಮ ಲ್ಯಾಬಿನ ಮುಖ್ಯಸ್ಥರಿಗೆ."

"ವಿಷಯ?"

"ಲ್ಯಾಬಿನ ಹಿಂದೆ ಸಿಬ್ಬಂದಿಗೆ ಕ್ವಾರ್ಟರ್ಸ್ ಇದೆ ಅತ್ತೆ. ಒಂದು ಖಾಲಿಯಾಗಿದೆ. ಅದು ನಮಗೆ ಬೇಕು ಅಂತ. ನಿಮ್ಮ ಮಗನ ಹತ್ತಿರ ನಿನ್ನೆ ಮಾತಾಡಿದ್ದೀನಿ."

ಬೆರಳುಗಳು ಕೀಲಿಗಳ ಮೇಲೆ ನಿಂತವು. ಸಿಟ್ಟಾಗಿದ್ದರೆ ಕೂಗಾಡಲಿ, ಎರಡು ಮಾತು ಅನ್ನಲಿ, ಬೈದು ಹಗುರವಾಗಲಿ ಎಂದು ಎರಡು ದಿನದಿಂದ ಕಾದಿದ್ದಳು. ಸೊಸೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಬಂದ ಗಿರಾಕಿಗಳಲ್ಲಿ ನಿರ್ಧಾರ ಮಾಡಿಯೇ ಬಂದವರ ಮುಖ ಹೇಗಿರುತ್ತದೆಂದು ಅರ್ಜಿಯಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಟೈಪು ಮಾಡಿದಳು. ಮಾನ್ಯರೇ. ನಾನು ತಮ್ಮ ಅಧೀನದಲ್ಲಿ ಇಷ್ಟು ವರ್ಷದಿಂದ. ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ. ಅಲ್ಲಿಗೆ ಬಂದು ಕೈ ತಡೆಯಿತು.

"ಕಾರಣ ಬರೀಬೇಕು. ಇಲ್ಲದಿದ್ದರೆ ವಾಪಸ್ ಕಳಿಸ್ತಾರೆ" ಎಂದಳು. "ಇರೋ ಮನೆ ಬಿಟ್ಟು ಕ್ವಾರ್ಟರ್ಸ್ ಯಾಕೆ ಬೇಕು ಅಂತ ಕೇಳ್ತಾರೆ."

ಸೊಸೆ ಕಿಟಕಿಯ ಕಡೆ ನೋಡಿದಳು. ನಿಜ ಹೇಳಿದರೆ ಅದನ್ನೂ ಕುಟ್ಟಬೇಕು. ಅರ್ಜಿಯಕ್ಕ ಹಲ್ಲು ಕಚ್ಚಿ ಕಾದಳು.

"ಮನೆ ಚಿಕ್ಕದು ಅಂತ ಬರೀರಿ."

ಮೂರು ಕೋಣೆ, ಒಂದು ಪಡಸಾಲೆ, ಮೇಲೆ ಯಾರೂ ಕಾಲಿಡದ ಅಟ್ಟ. ಇಪ್ಪತ್ತೆರಡು ವರ್ಷ ಊರಿನ ಗುಟ್ಟೆಲ್ಲ ಹಿಡಿಸಿದ್ದ ಮನೆ. ಅರ್ಜಿಯಕ್ಕನ ಕಣ್ಣು ಮಂಜಾಯಿತು, ಅಕ್ಷರ ಕಾಣಲಿಲ್ಲ. ಬೆರಳಿಗೆ ಕಣ್ಣಿಲ್ಲದಿರುವುದೇ ಒಳ್ಳೆಯದಾಯಿತು. ಬೆರಳು ತಪ್ಪಿಲ್ಲದೆ ಬರೆಯಿತು: ಈಗಿರುವ ಮನೆ ಚಿಕ್ಕದಾಗಿರುವುದರಿಂದ.

ಪ್ರಿಂಟರ್ ಕೆಮ್ಮಿ, ಗೆರೆ ಬಿದ್ದ ಹಾಳೆಯನ್ನು ಮೊದಲು ಕೊಟ್ಟಿತು. ಅರ್ಜಿಯಕ್ಕ ಅದನ್ನು ಟ್ರೇಗೆ ಹಾಕಲಿಲ್ಲ. ಅಲ್ಲೇ ನಾಲ್ಕು ಚೂರು ಮಾಡಿದಳು, ನಾಲ್ಕನ್ನು ಎಂಟು ಮಾಡಿದಳು. ಎರಡನೆಯದನ್ನು ನೀಟಾಗಿ ಮಡಿಸಿ ಕೊಟ್ಟಳು.

"ಕಾಪಿ ಇಡಲಾ?"

"ಬೇಡ ಅತ್ತೆ."

ಪರದೆಯನ್ನು ಸೊಸೆಗೆ ಕಾಣುವ ಹಾಗೆ ತಿರುಗಿಸಿ, ಹೆಸರೇ ಇಡದ ಆ ಫೈಲನ್ನು ಅಳಿಸಿದಳು. ಕಸದ ಬುಟ್ಟಿಯನ್ನು ಖಾಲಿ ಮಾಡಿದಳು. ಇತ್ತೀಚಿನ ಪಟ್ಟಿಯನ್ನೂ ಒರೆಸಿದಳು. ಸೊಸೆ ನೋಡಿ ತಲೆಯಾಡಿಸಿ, ಎದ್ದು, ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿಟ್ಟಳು.

ಯಾವಾಗ ಹೊರಡ್ತೀಯ ಎಂಬ ಮಾತು ಅರ್ಜಿಯಕ್ಕನ ನಾಲಿಗೆಯ ತುದಿಗೆ ಬಂತು. ಹಸಿರು ಕುರ್ಚಿಯಲ್ಲಿ ಕೂತವರನ್ನು ಅವಳು ಯಾವತ್ತೂ ಅದನ್ನು ಕೇಳಿರಲಿಲ್ಲ. ಇವತ್ತೂ ಕೇಳಲಿಲ್ಲ.